ನಮ್ಮ ಉಡುಪಿ, ಮಂಗಳೂರು ಕಡೆ ಸ್ತನ ಕ್ಯಾನ್ಸರ್ ನಿಜವಾಗಿಯೂ ಜಾಸ್ತಿಯಾ?

ಕಟಪಾಡಿಯವಳು:

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ ಇದು. ನನಗೆ 41 ವರ್ಷ, ಮನೆ ಕಟಪಾಡಿ, ಕೆಲಸ ಉಡುಪಿಯಲ್ಲಿ. ಈಚೆಗೆ ನಮ್ಮ ಸುತ್ತಮುತ್ತ ಸ್ತನ ಕ್ಯಾನ್ಸರ್ ಆದವರ ಸುದ್ದಿ ಒಂದರ ಹಿಂದೆ ಒಂದು ಬರುತ್ತಿದೆ. ಅಪ್ಪನ ತಂಗಿಗೆ ಆಯಿತು. ಎದುರು ಮನೆಯ ಟೀಚರಿಗೆ ಆಯಿತು. ಅಣ್ಣನ ಹೆಂಡತಿಯ ತಾಯಿಗೆ ಆಯಿತು, ಅವರು ಉಳಿಯಲಿಲ್ಲ. ಅಪ್ಪನ ತಂಗಿಯಾದ ಆ ಅತ್ತೆಯನ್ನು ಕೀಮೋಗೆ ಕರೆದುಕೊಂಡು ಹೋದಾಗ ಆ ವಿಭಾಗದ ಹೊರಗೆ ಕೂರಲು ಜಾಗ ಇರಲಿಲ್ಲ, ಅಷ್ಟು ಜನ. ಅದರಲ್ಲಿ ನನ್ನ ವಯಸ್ಸಿನವರೂ ಇದ್ದರು.

ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಮಾತು. ತೆಂಗಿನೆಣ್ಣೆ ಎನ್ನುವವರು ಉಂಟು, ಬ್ರಾಯ್ಲರ್ ಕೋಳಿ ಎನ್ನುವವರು ಉಂಟು, ಕಾರ್ಖಾನೆ ಹೊಗೆ ಎನ್ನುವವರೂ ಉಂಟು. ಮುಂಬೈಯಲ್ಲಿರುವ ಚಿಕ್ಕಮ್ಮನ ಮಗಳು ಫೋನಿನಲ್ಲಿ "ಇಲ್ಲಿಗಿಂತ ಊರಲ್ಲೇ ಜಾಸ್ತಿ ಮಾರಾಯ್ತಿ" ಎಂದಳು. ಒಂದು ಊರಿಗೂ ಇನ್ನೊಂದು ಊರಿಗೂ ನಿಜವಾಗಿ ಅಷ್ಟು ವ್ಯತ್ಯಾಸ ಇರುತ್ತದಾ? ಇದ್ದರೆ ಯಾಕೆ? ನಮ್ಮ ಎರಡು ಜಿಲ್ಲೆಗಳ ಲೆಕ್ಕ ಎಲ್ಲಿ ಸಿಗುತ್ತದೆ?

ಇನ್ನೊಂದು. ನಮ್ಮದು ಅಳಿಯಕಟ್ಟಿನ ಕುಟುಂಬ. ಬಳಿ, ಅಂದರೆ ಗೋತ್ರದ ಹಾಗಿನ ಕುಲದ ಹೆಸರು, ಬರುವುದು ತಾಯಿಯಿಂದ. ಹಾಗಾಗಿ "ಅಪ್ಪನ ಕಡೆಯವರಿಗೆ ಬಂದದ್ದು ನಿನಗೆ ಲೆಕ್ಕ ಇಲ್ಲ" ಎಂದು ಅಮ್ಮ ಧೈರ್ಯ ಹೇಳುತ್ತಾರೆ. ಇದು ಸರಿಯಾ?

ಲೆಕ್ಕದ ಪುಸ್ತಕ:

ಅಕ್ಕ, ನಾನು ಡಾಕ್ಟರ್ ಅಲ್ಲ, ಆರೋಗ್ಯ ಸರ್ವೆಗಳ ಅಂಕಿಅಂಶ ನೋಡುವ ಕೆಲಸ ನನ್ನದು. ಲೆಕ್ಕದ ಭಾಗಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲು ಆಸ್ಪತ್ರೆಯ ಆ ರಶ್ಶು. ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಬರುವವರು ನಮ್ಮ ಎರಡು ಜಿಲ್ಲೆಯವರು ಮಾತ್ರ ಅಲ್ಲ. ಕಾಸರಗೋಡಿನಿಂದ ಬರುತ್ತಾರೆ, ಭಟ್ಕಳ, ಹೊನ್ನಾವರ, ಶಿರಸಿಯಿಂದ ಬರುತ್ತಾರೆ, ಘಟ್ಟ ಇಳಿದು ಶಿವಮೊಗ್ಗ, ಚಿಕ್ಕಮಗಳೂರಿನಿಂದಲೂ ಬರುತ್ತಾರೆ. ಮಲ್ಪೆ ಬಂದರಿನಲ್ಲಿ ಇಳಿಯುವ ಮೀನೆಲ್ಲ ಮಲ್ಪೆ ಎದುರಿನ ಕಡಲಿನದ್ದೇ ಎಂದು ಹೇಳಲಿಕ್ಕಾಗುತ್ತದಾ? ಇದೂ ಹಾಗೆ. ಆಸ್ಪತ್ರೆಯಲ್ಲಿ ಎಷ್ಟು ಜನ ಕಂಡರು ಎನ್ನುವುದರಿಂದ ಒಂದು ಊರಿನಲ್ಲಿ ರೋಗ ಎಷ್ಟು ಉಂಟು ಎಂದು ತಿಳಿಯುವುದಿಲ್ಲ.

ಅದು ತಿಳಿಯಬೇಕಾದರೆ ಜನಸಂಖ್ಯೆ ಆಧಾರಿತ ನೋಂದಣಿ ಬೇಕು. ಅಂದರೆ ಒಂದು ಪ್ರದೇಶದಲ್ಲಿ ವಾಸ ಇರುವವರಲ್ಲಿ ಯಾರಿಗೆ ಕ್ಯಾನ್ಸರ್ ಬಂದರೂ, ಅವರು ಎಲ್ಲಿ ಚಿಕಿತ್ಸೆ ಪಡೆದರೂ, ಹುಡುಕಿ ಬರೆದುಕೊಳ್ಳುವುದು. ಭಾರತದಲ್ಲಿ ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಇದನ್ನು 1980ರ ದಶಕದ ಶುರುವಿನಲ್ಲಿ ಆರಂಭಿಸಿತು. ಬೆಂಗಳೂರು, ಮುಂಬೈ, ಚೆನ್ನೈ ಮೊದಲಿನವು, ಬೆಂಗಳೂರಿನದ್ದನ್ನು ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಡೆಸುತ್ತದೆ. 2020ರಲ್ಲಿ ಬಂದ ರಾಷ್ಟ್ರೀಯ ವರದಿಯಲ್ಲಿ ಇಂಥ 28 ನೋಂದಣಿಗಳ ಲೆಕ್ಕ ಇತ್ತು. ಎಲ್ಲ ಸೇರಿದರೂ ದೇಶದ ಜನಸಂಖ್ಯೆಯ ಸುಮಾರು ಶೇ. 10 ಮಾತ್ರ. ಕರ್ನಾಟಕದಿಂದ ಅದರಲ್ಲಿ ಇದ್ದದ್ದು ಬೆಂಗಳೂರು ಒಂದೇ. ದಕ್ಷಿಣ ಕನ್ನಡವೂ ಇಲ್ಲ, ಉಡುಪಿಯೂ ಇಲ್ಲ. ಹಾಗಾಗಿ "ಊರಲ್ಲೇ ಜಾಸ್ತಿ" ಎಂದು ನಿಮ್ಮ ತಂಗಿ ಹೇಳಿದ್ದಕ್ಕೆ ಆ ವರದಿಯಲ್ಲಿ ಯಾವ ಆಧಾರವೂ ಇಲ್ಲ. ಇಷ್ಟು ಮೆಡಿಕಲ್ ಕಾಲೇಜು ಇರುವ ಕರಾವಳಿಯನ್ನು ಇಂಥ ಲೆಕ್ಕದಿಂದ ಹೊರಗೆ ಇಟ್ಟಿರುವುದು ನನಗೆ ಬಹಳ ಬೇಸರದ ವಿಷಯ.

ಊರಿಂದ ಊರಿಗೆ ವ್ಯತ್ಯಾಸ ಮಾತ್ರ ಖಂಡಿತ ಉಂಟು, ಅದೂ ಸಣ್ಣದಲ್ಲ. ಅದೇ ವರದಿಯಲ್ಲಿ 2012ರಿಂದ 2016ರ ಅವಧಿಗೆ ಒಂದು ಲಕ್ಷ ಹೆಂಗಸರಿಗೆ ವರ್ಷಕ್ಕೆ ಸ್ತನ ಕ್ಯಾನ್ಸರಿನ ಹೊಸ ರೋಗಿಗಳು ಹೈದರಾಬಾದ್ ಜಿಲ್ಲೆಯಲ್ಲಿ 48, ಚೆನ್ನೈಯಲ್ಲಿ ಸುಮಾರು 42, ಬೆಂಗಳೂರಿನಲ್ಲಿ ಸುಮಾರು 40. ಮೇಘಾಲಯದಂಥ ಕಡೆ 10ಕ್ಕೂ ಕಡಿಮೆ. ಮಹಾರಾಷ್ಟ್ರದ ಬಾರ್ಶಿ ಕಡೆಯ ಹಳ್ಳಿಗಳಲ್ಲೂ ನಗರಗಳಿಗಿಂತ ತುಂಬ ಕಡಿಮೆ. ಪ್ರಪಂಚದ ಮಟ್ಟದಲ್ಲಿ ನೋಡಿದರೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ 100ರ ಹತ್ತಿರ, ಭಾರತದಲ್ಲಿ ಒಟ್ಟಾರೆ 26ರ ಆಸುಪಾಸು.

ಈ ಸಂಖ್ಯೆಗಳು ವಯಸ್ಸಿಗೆ ಹೊಂದಿಸಿದವು, ಅಂದರೆ ಎಲ್ಲ ಊರಿನಲ್ಲೂ ಬೇರೆ ಬೇರೆ ವಯಸ್ಸಿನವರ ಪಾಲು ಒಂದೇ ಎಂದಿಟ್ಟುಕೊಂಡು ಮಾಡಿದ ಲೆಕ್ಕ. ನಮ್ಮ ಕರಾವಳಿಯ ಮಟ್ಟಿಗೆ ಇದು ಬಹಳ ಮುಖ್ಯ. ಸುಮ್ನೆ ಒಂದು ಲೆಕ್ಕ ಹಾಕಿ, ಇದು ನಿಜವಾದ ಅಂಕಿ ಅಲ್ಲ. 50 ದಾಟಿದ ಲಕ್ಷ ಹೆಂಗಸರಲ್ಲಿ ವರ್ಷಕ್ಕೆ 80 ಜನರಿಗೆ, 50ರ ಒಳಗಿನ ಲಕ್ಷದಲ್ಲಿ 10 ಜನರಿಗೆ ರೋಗ ಬರುತ್ತದೆ ಎಂದಿಟ್ಟುಕೊಳ್ಳಿ. ಲಕ್ಷ ಹೆಂಗಸರಿರುವ ಒಂದು ಊರಿನಲ್ಲಿ ಅರ್ಧ ಜನ 50 ದಾಟಿದವರಾದರೆ ರೋಗಿಗಳು 45. ಇನ್ನೊಂದು ಊರಿನಲ್ಲಿ ಕಾಲು ಭಾಗ ಮಾತ್ರ 50 ದಾಟಿದವರಾದರೆ 27 ಅಥವಾ 28. ಒಬ್ಬೊಬ್ಬ ಹೆಂಗಸಿಗೆ ಇರುವ ಅಪಾಯ ಎರಡೂ ಊರಿನಲ್ಲಿ ಒಂದೇ, ಆದರೆ ಮೊದಲಿನ ಊರಿನಲ್ಲಿ ಮನೆಮನೆಯಲ್ಲೂ ಕ್ಯಾನ್ಸರ್ ಇದ್ದ ಹಾಗೆ ಕಾಣುತ್ತದೆ. ಈಗ ನಮ್ಮ ಊರುಗಳನ್ನು ನೆನೆಸಿಕೊಳ್ಳಿ. ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಸೇರಿದ್ದಾರೆ. ಮನೆಯಲ್ಲಿ ಇರುವವರು ಅಮ್ಮ, ದೊಡ್ಡಮ್ಮ, ಅಜ್ಜಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ವಯಸ್ಸಾದ ಹೆಂಗಸರು ಜಾಸ್ತಿ ಇರುವ ಕಡೆ ಈ ರೋಗದ ಸುದ್ದಿಯೂ ಜಾಸ್ತಿ ಕಿವಿಗೆ ಬೀಳುತ್ತದೆ.

ಹತ್ತಿರದಲ್ಲಿ ಆಸ್ಪತ್ರೆ, ಸ್ಕ್ಯಾನಿಂಗ್ ಸೆಂಟರ್ ಇರುವ ಕಡೆ ರೋಗ ಪತ್ತೆ ಆಗುವುದೂ ಜಾಸ್ತಿ. ಕಡಿಮೆ ಸಂಖ್ಯೆ ತೋರಿಸುವ ಕೆಲವು ಜಾಗಗಳಲ್ಲಿ ಯಾವ ರೋಗ ಎಂದು ಗೊತ್ತೇ ಆಗದೆ ಸತ್ತವರೂ ಇರುತ್ತಾರೆ.

ಕೊಕ್ಕಡದ ಮಳೆ:

ನೀವು ಹೇಳಿದ್ದೆಲ್ಲ ಸರಿ, ಆದರೆ ನಮ್ಮ ಕಡೆಯವರಿಗೆ ಎಂಡೋಸಲ್ಫಾನ್ ಎನ್ನುವ ಕೀಟನಾಶಕವನ್ನು ಮರೆಯಲಿಕ್ಕೆ ಆಗುವುದಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಹೊಡೆದದ್ದನ್ನು ನೋಡಿದವರು ನಾವು. ಯಾರಿಗೆ ಯಾವ ಕ್ಯಾನ್ಸರ್ ಬಂದರೂ ಇಲ್ಲಿ ಮೊದಲು ಬಾಯಿಗೆ ಬರುವುದು ಅದೇ. ಅದನ್ನು ಹಾಗೆ ತಳ್ಳಿಹಾಕಬೇಡಿ.

ಲೆಕ್ಕದ ಪುಸ್ತಕ:

ತಳ್ಳಿಹಾಕುವುದಿಲ್ಲ ಅಣ್ಣ. ಕೊಕ್ಕಡ, ಕಾಸರಗೋಡು ಕಡೆ ಅಂಗವಿಕಲರಾಗಿ ಹುಟ್ಟಿದ ಮಕ್ಕಳು, ನರದ ತೊಂದರೆ ಇರುವವರು, ಅವರನ್ನು ಎತ್ತಿ ಇಳಿಸಿ ಸಾಕುವ ತಾಯಂದಿರು, ಇವರಿಗೆ ಸಿಗಬೇಕಾದ ನ್ಯಾಯ ಇನ್ನೂ ಪೂರ್ತಿ ಸಿಕ್ಕಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟೇ ಎಂಡೋಸಲ್ಫಾನನ್ನು ನಿಲ್ಲಿಸಿತು. ನಾನು ಹೇಳುವುದು ಸ್ತನ ಕ್ಯಾನ್ಸರ್ ಒಂದರ ಬಗ್ಗೆ. ಗೇರು ತೋಟವೇ ಇಲ್ಲದ ಹೈದರಾಬಾದ್, ಚೆನ್ನೈಯಲ್ಲಿ ಇದು ದೇಶಕ್ಕೇ ಹೆಚ್ಚು. ಹಾಗಾಗಿ ಊರಿಂದ ಊರಿಗೆ ಇರುವ ದೊಡ್ಡ ವ್ಯತ್ಯಾಸವನ್ನು ಆ ವಿಷದಿಂದ ವಿವರಿಸಲಿಕ್ಕೆ ಆಗುವುದಿಲ್ಲ. ನಿಮ್ಮ ಗ್ರಾಮಗಳಿಗೆ ವಿಳಾಸ ಹಿಡಿದು ಬರೆದ ನೋಂದಣಿ ಬೇಕೇ ಬೇಕು ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಲೆಕ್ಕ ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ.

ಹೆರಿಗೆ ವಾರ್ಡಿನ ಸಿಸ್ಟರ್:

ನಾನು ತುಂಬ ವರ್ಷ ಹೆರಿಗೆ ವಾರ್ಡಿನಲ್ಲಿ, ಆಮೇಲೆ ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡಿದವಳು. "ಯಾಕೆ" ಎನ್ನುವುದಕ್ಕೆ ನನಗೆ ತಿಳಿದದ್ದು ಬರೆಯುತ್ತೇನೆ.

ಎಣ್ಣೆ, ಕುಚ್ಚಲಕ್ಕಿ, ಮೀನು, ಬ್ರಾ, ಪೌಡರ್ ಇವುಗಳನ್ನು ಬಿಡಿ. ನಗರ ಮತ್ತು ಹಳ್ಳಿ, ಶ್ರೀಮಂತ ದೇಶ ಮತ್ತು ಬಡ ದೇಶ, ಇವುಗಳ ನಡುವಿನ ವ್ಯತ್ಯಾಸದಲ್ಲಿ ದೊಡ್ಡ ಪಾಲು ಹೆಂಗಸರ ಜೀವನ ನಡೆಯುವ ರೀತಿಯದ್ದು. ಬೇಗ ದೊಡ್ಡವಳಾಗುವುದು, ಮುಟ್ಟು ತಡವಾಗಿ ನಿಲ್ಲುವುದು, ಮೊದಲ ಮಗು ಮೂವತ್ತರ ನಂತರ ಆಗುವುದು, ಒಂದೇ ಮಗು ಅಥವಾ ಮಗುವೇ ಇಲ್ಲದಿರುವುದು, ಹಾಲುಣಿಸುವ ಸಮಯ ಕಡಿಮೆ ಆಗುವುದು, ಮುಟ್ಟು ನಿಂತ ನಂತರ ಮೈ ತೂಕ ಏರುವುದು, ಮದ್ಯ, ದೇಹಕ್ಕೆ ಕೆಲಸ ಇಲ್ಲದಿರುವುದು, ಇವೆಲ್ಲ ಅಪಾಯ ಏರಿಸುತ್ತವೆ. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಪ್ರತಿ ಹೆರಿಗೆಗೆ ಅಪಾಯ ಸುಮಾರು ಶೇ. 7, ಅದಲ್ಲದೆ ಹಾಲುಣಿಸಿದ ಪ್ರತಿ 12 ತಿಂಗಳಿಗೆ ಸುಮಾರು ಶೇ. 4.3 ಕಡಿಮೆ ಆಗುವುದು ಕಂಡಿತು. ನಮ್ಮ ಅಜ್ಜಿಯಂದಿರು ಏಳೆಂಟು ಹೆತ್ತು, ಒಂದೊಂದಕ್ಕೂ ಎರಡು ವರ್ಷ ಹಾಲು ಕೊಟ್ಟವರು. 2019-21ರ ಸರ್ವೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಮುಂಬೈಯ ಪಾರ್ಸಿ ಹೆಂಗಸರಲ್ಲಿ ಈ ರೋಗ ಜಾಸ್ತಿ ಎಂದು ಬಹಳ ಹಿಂದಿನಿಂದ ಗೊತ್ತು. ಅಲ್ಲಿ ತಡವಾದ ಮದುವೆ, ಕಡಿಮೆ ಮಕ್ಕಳು ತಲೆಮಾರುಗಳಿಂದ ಉಂಟು.

ರಕ್ತದಲ್ಲೇ ಇರುವ ವ್ಯತ್ಯಾಸ ಅಲ್ವಾ ಎಂದು ಕೇಳಬಹುದು. ಜಪಾನಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕುಟುಂಬಗಳನ್ನು ನೋಡಿದವರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಜಪಾನಿನಲ್ಲಿ ಕಡಿಮೆ ಇದ್ದ ಪ್ರಮಾಣ ಅಮೆರಿಕದಲ್ಲಿ ಮಗಳು, ಮೊಮ್ಮಗಳ ಕಾಲಕ್ಕೆ ಅಲ್ಲಿಯವರ ಹತ್ತಿರ ಬಂತು. ಅದೇ ರಕ್ತ, ಬೇರೆ ಊರು.

ಇದನ್ನೆಲ್ಲ ಓದಿ ಯಾರೂ ಹೆಣ್ಣುಮಕ್ಕಳನ್ನು ದೂರಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಓದಿದ್ದು, ಕೆಲಸಕ್ಕೆ ಹೋದದ್ದು, ಎರಡೇ ಮಕ್ಕಳು ಸಾಕು ಎಂದದ್ದು ತಪ್ಪಲ್ಲ. ಅದರಿಂದಲೂ ಹೆರಿಗೆಯಲ್ಲಿ ಸಾಯುವವರು ಕಡಿಮೆ ಆದರು, ಗರ್ಭಕೊರಳಿನ ಕ್ಯಾನ್ಸರ್ ಕೂಡ ಕಡಿಮೆ ಆಗುತ್ತಾ ಬಂತು. ನಾಲ್ಕು ಮಕ್ಕಳಿಗೆ ಹಾಲುಣಿಸಿದವರನ್ನೂ ನಾನು ಕ್ಯಾನ್ಸರ್ ವಾರ್ಡಿನಲ್ಲಿ ನೋಡಿಕೊಂಡಿದ್ದೇನೆ. ಒಬ್ಬಳಿಗೆ ಯಾಕೆ ಬಂತು ಎಂದು ಇದರಿಂದ ಹೇಳಲು ಬರುವುದಿಲ್ಲ.

ಈಗ ಅಮ್ಮ ಹೇಳಿದ ಮಾತು. ಅದು ಸರಿಯಲ್ಲ, ದಯವಿಟ್ಟು ಅವರಿಗೂ ತಿಳಿಸಿ. ಬಳಿ, ಆಸ್ತಿ ತಾಯಿಯ ಕಡೆಯಿಂದ ಬರಬಹುದು, ವಂಶವಾಹಿ ಅರ್ಧ ಅಪ್ಪನಿಂದಲೇ ಬರುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಹುಟ್ಟಿನಿಂದ ಬರುವ ವಂಶವಾಹಿ ದೋಷದ್ದು ಶೇ. 5ರಿಂದ 10 ಮಾತ್ರ, ಬಿಆರ್‌ಸಿಎ 1 ಮತ್ತು 2 ಎನ್ನುವ ಎರಡು ವಂಶವಾಹಿಗಳ ದೋಷ ಅದರಲ್ಲಿ ಮುಖ್ಯ. ಅದು ಗಂಡಸಿನ ಮೂಲಕವೂ ಮಗಳಿಗೆ ದಾಟುತ್ತದೆ. ನಮ್ಮ ಕಡೆ ಅಪ್ಪನ ಅಕ್ಕ, ಅಪ್ಪನ ಅಮ್ಮ ಏನಾಗಿ ತೀರಿಕೊಂಡರು ಎಂದು ಕೇಳಿದರೆ ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹಿಸ್ಟರಿ ಬರೆಯುವಾಗ ನಾನು ಎರಡು ಸಲ ಕೇಳುತ್ತಿದ್ದೆ. ನಿಮ್ಮ ಅತ್ತೆಗೆ ಯಾವ ವಯಸ್ಸಿನಲ್ಲಿ ಬಂತು?

ಬಂಟ್ವಾಳದವಳು:

ನಾನು ಈ ರೋಗದಿಂದ ಹೊರಗೆ ಬಂದವಳು. ಊರು ಯಾವುದು, ಪ್ರಮಾಣ ಎಷ್ಟು ಎನ್ನುವುದಕ್ಕಿಂತ ಯಾವಾಗ ಗೊತ್ತಾಯಿತು ಎನ್ನುವುದೇ ದೊಡ್ಡ ವ್ಯತ್ಯಾಸ ಅಂತ ನನಗೆ ಅನಿಸುತ್ತದೆ.

ನನಗೆ ಆಗ 39. ಸ್ನಾನ ಮಾಡುವಾಗ ಎಡಬದಿಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ನೋವು ಇಲ್ಲ, ಕೆಂಪಾಗಿಲ್ಲ, ಕಡಲೆ ಕಾಳಿಗಿಂತ ಸ್ವಲ್ಪ ದೊಡ್ಡದು. ಮೊದಲು ತೋರಿಸಿದ ಕಡೆ "ಹಾಲಿನ ಗಂಟು, ತಾನಾಗಿ ಕರಗುತ್ತದೆ, ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಮುಟ್ಟಿ ಸರಿಯಾಗಿ ನೋಡಲೂ ಇಲ್ಲ. ನನ್ನ ಮಗುವಿಗೆ ಆಗ ಒಂಬತ್ತು ವರ್ಷ, ಎಂತ ಹಾಲಿನ ಗಂಟು? ನನ್ನ ಅಕ್ಕ ಜಗಳ ಮಾಡಿ ಮರುವಾರವೇ ಇನ್ನೊಂದು ಕಡೆ ಕರೆದುಕೊಂಡು ಹೋದಳು. ಅಲ್ಲಿ ಡಾಕ್ಟರ್ ಕೈಯಿಂದ ಪರೀಕ್ಷೆ ಮಾಡಿದರು, ಸ್ತನದ ಎಕ್ಸ್‌ರೇ ಆದ ಮ್ಯಾಮೊಗ್ರಾಂ ಮತ್ತು ಅಲ್ಟ್ರಾಸೌಂಡ್ ಎರಡೂ ಮಾಡಿಸಿದರು, ಸೂಜಿ ಹಾಕಿ ಬಯಾಪ್ಸಿಗೆ ಗಂಟಿನ ಸಣ್ಣ ಚೂರು ತೆಗೆದರು. ಎರಡನೇ ಹಂತ. ಸರ್ಜರಿ, ಕೀಮೋ, ರೇಡಿಯೇಷನ್ ಎಲ್ಲ ಆಯಿತು. ಈಗ ಮಾತ್ರೆ ಮಾತ್ರ.

ಆ ಮೂರು ತಿಂಗಳು ಕಾದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿದರೆ ಈಗಲೂ ಸಿಟ್ಟು ಬರುತ್ತದೆ. ಸೂಜಿ ಹಾಕಿದರೆ ರೋಗ ಹರಡುತ್ತದೆ ಎಂದು ನಮ್ಮ ನೆರೆಮನೆಯವರು ಹೆದರಿಸಿದ್ದರು. ಹಾಗೆ ಏನೂ ಇಲ್ಲ. ಬಯಾಪ್ಸಿ ಇಲ್ಲದೆ ಅದು ಕ್ಯಾನ್ಸರಾ ಅಲ್ವಾ, ಯಾವ ಬಗೆಯದ್ದು, ಯಾವ ಮದ್ದು ಕೊಡಬೇಕು ಎಂದು ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ.

ಲೆಕ್ಕದ ಪುಸ್ತಕ:

ಬಂಟ್ವಾಳದ ಅಕ್ಕ ಹೇಳಿದ್ದು ಅಂಕಿಅಂಶದಲ್ಲೂ ಹಾಗೇ ಕಾಣುತ್ತದೆ. 2022ರ ಅಂದಾಜಿನಲ್ಲಿ ಭಾರತದಲ್ಲಿ 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು. ಅದೇ ವರ್ಷ ಅಮೆರಿಕದಲ್ಲಿ 2.7 ಲಕ್ಷಕ್ಕೂ ಜಾಸ್ತಿ ಹೊಸ ರೋಗಿಗಳು, ಸಾವು ಸುಮಾರು 43 ಸಾವಿರ. ನಮ್ಮಲ್ಲಿ ರೋಗ ಬರುವ ಪ್ರಮಾಣ ಅಲ್ಲಿಗಿಂತ ಎಷ್ಟೋ ಕಡಿಮೆ, ಬಂದವರು ಸಾಯುವುದು ಎಷ್ಟೋ ಜಾಸ್ತಿ. 2020ರ ಆ ರಾಷ್ಟ್ರೀಯ ವರದಿಯಲ್ಲೇ, ನಮ್ಮ ಆಸ್ಪತ್ರೆಗಳಿಗೆ ಬಂದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಶೇ. 57 ಮಂದಿಗೆ ಪತ್ತೆ ಆಗುವ ಹೊತ್ತಿಗೆ ರೋಗ ಸುತ್ತಲಿನ ಭಾಗಕ್ಕೆ ಹಬ್ಬಿತ್ತು.

ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಹೆಂಗಸರ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದರು. ಮೆಷಿನ್ ಇಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡುವುದು ಅಷ್ಟೇ. ಫಲಿತಾಂಶ 2021ರಲ್ಲಿ ಬಂತು. ಪರೀಕ್ಷೆ ಆದವರಲ್ಲಿ ರೋಗ ಬೇಗ ಸಿಕ್ಕಿತು. 50 ದಾಟಿದವರಲ್ಲಿ ಸಾವು ಸುಮಾರು ಶೇ. 30 ಕಡಿಮೆ ಆಯಿತು. ಅದಕ್ಕಿಂತ ಚಿಕ್ಕವರಲ್ಲಿ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು.

ಬೆಳ್ತಂಗಡಿ ಆಶಾ:

ನಾನು ಆಶಾ ಕಾರ್ಯಕರ್ತೆ. ನಮ್ಮ ಕೆಲಸದಲ್ಲೇ ಇದು ಉಂಟು. 30 ದಾಟಿದ ಎಲ್ಲರ ಫಾರಂ ತುಂಬಬೇಕು, ಬಿಪಿ, ಶುಗರ್ ಜೊತೆ ಬಾಯಿ, ಸ್ತನ, ಗರ್ಭಕೊರಳಿನ ಪರೀಕ್ಷೆಗೆ ಆರೋಗ್ಯ ಮಂದಿರಕ್ಕೆ, ಅಂದರೆ ಊರಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಸ್ತನ ಪರೀಕ್ಷೆ ಐದು ವರ್ಷಕ್ಕೊಮ್ಮೆ, ಅಲ್ಲಿನ ಸಿಸ್ಟರ್ ಮಾಡುತ್ತಾರೆ. ದುಡ್ಡಿಲ್ಲ.

ಬಿಪಿಗೆ ಬರುತ್ತಾರೆ, ಶುಗರಿಗೆ ಬರುತ್ತಾರೆ. ಎದೆ ತೋರಿಸಬೇಕು ಎಂದರೆ "ನನಗೆ ಎಂತ ಆಗಿಲ್ಲ" ಎಂದು ಎದ್ದು ಹೋಗುತ್ತಾರೆ. ಬೀಡಿ ಕಟ್ಟುವವರಿಗೆ ಅರ್ಧ ದಿನ ಹೋದರೆ ಅಷ್ಟು ಬೀಡಿಯ ದುಡ್ಡು ಹೋಯಿತು. ಯಾರನ್ನು ದೂರುವುದು ಹೇಳಿ. ಗಂಟು ಉಂಟು ಎಂದು ಗೊತ್ತಿದ್ದೂ ಮಗಳ ಮದುವೆ ಮುಗಿಯಲಿ, ಕೋಲ ಮುಗಿಯಲಿ ಎಂದು ಮುಚ್ಚಿಟ್ಟವರನ್ನು ನೋಡಿದ್ದೇನೆ. ಮನೆಯಲ್ಲಿ ಹೇಳುವುದಿಲ್ಲ, ನನಗೆ ಬಾವಿಕಟ್ಟೆಯ ಹತ್ತಿರ ಮೆಲ್ಲಗೆ ಹೇಳುತ್ತಾರೆ. ಹಾಗಾಗಿ ನಾನೀಗ ಒಬ್ಬೊಬ್ಬರನ್ನೇ ಕಳಿಸುವುದಿಲ್ಲ. ಒಂದು ವಠಾರದ ನಾಲ್ಕೈದು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗುತ್ತೇನೆ, ನಾಚಿಕೆ ಅರ್ಧ ಕಡಿಮೆ ಆಗುತ್ತದೆ. ಮುಂದಿನ ಚಿಕಿತ್ಸೆಗೆ ಬಿಪಿಎಲ್ ಕಾರ್ಡಿನವರಿಗೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಖರ್ಚಿಗೆ ಹೆದರಿ ಮನೆಯಲ್ಲಿ ಕೂರಬೇಡಿ ಎಂದು ನಿಮ್ಮ ನಿಮ್ಮ ಕಡೆ ಹೇಳಿ.

ಕಟಪಾಡಿಯವಳು:

ಎಲ್ಲರಿಗೂ ತುಂಬ ಧನ್ಯವಾದ. ಸಿಸ್ಟರ್, ಅತ್ತೆಗೆ ಬಂದಾಗ 47. ನೀವು ಕೇಳಿದ ಮೇಲೆ ನಿನ್ನೆ ಅಪ್ಪನ ಹತ್ತಿರ ಕೂತು ಕೇಳಿದೆ. ಅವರ ದೊಡ್ಡಮ್ಮ ಒಬ್ಬರು "ಹೊಟ್ಟೆಯಲ್ಲಿ ಗಡ್ಡೆ" ಆಗಿ ನಲವತ್ತರ ಸುಮಾರಿಗೆ ತೀರಿಕೊಂಡಿದ್ದರಂತೆ, ಬೊಂಬಾಯಿಯಲ್ಲಿ. ಇದನ್ನೂ ಹೇಳಬೇಕಾ? ಅಪ್ಪನ ತಾಯಿಯ ಅಕ್ಕ ಅವರು. ನನಗೆ ಈಗ ಯಾವ ತೊಂದರೆಯೂ ಇಲ್ಲ.

ಹೆರಿಗೆ ವಾರ್ಡಿನ ಸಿಸ್ಟರ್:

ಖಂಡಿತ ಹೇಳಬೇಕು. ಹಿಂದಿನವರು ಹೊಟ್ಟೆಯ ಗಡ್ಡೆ ಎಂದದ್ದು ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು, ಬಿಆರ್‌ಸಿಎ ದೋಷ ಇರುವ ಕುಟುಂಬಗಳಲ್ಲಿ ಅದೂ ಜೊತೆಗೆ ಕಾಣುತ್ತದೆ. ಇಲ್ಲದೆಯೂ ಇರಬಹುದು. ಹಳೆಯ ಚೀಟಿ ಯಾರ ಪೆಟ್ಟಿಗೆಯಲ್ಲಾದರೂ ಉಂಟಾ ಎಂದು ಹುಡುಕಿಸಿ. ಅತ್ತೆಗೆ 50ರ ಒಳಗೆ ಬಂದದ್ದರಿಂದ ವಂಶವಾಹಿ ಪರೀಕ್ಷೆ ಬೇಕಾ ಎಂದು ಅವರನ್ನು ನೋಡುವ ಡಾಕ್ಟರ ಹತ್ತಿರ ಕೇಳಿ. ಆ ಪರೀಕ್ಷೆ ಮೊದಲು ಮಾಡಿಸಬೇಕಾದದ್ದು ರೋಗ ಬಂದವರಿಗೆ, ನಿಮಗಲ್ಲ. ಅವರಲ್ಲಿ ದೋಷ ಸಿಕ್ಕಿದರೆ ಮಾತ್ರ ಅಪ್ಪನಿಗೆ, ನಿಮಗೆ, ನಿಮ್ಮ ಅಣ್ಣನಿಗೆ ನೋಡುವುದು. ಹೌದು, ಗಂಡಸರಿಗೂ. ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ ಗಂಡಸರು ಸುಮಾರು ಒಬ್ಬರು, ಆದರೆ ಅವರಿಗೂ ಬರುತ್ತದೆ.

ನಿಮಗೆ ವಯಸ್ಸು 41 ಆಗಿರುವುದರಿಂದ, ಮನೆಯ ಹಿಸ್ಟರಿಯೂ ಇರುವುದರಿಂದ, ಒಂದು ಸಲ ಡಾಕ್ಟರ ಕೈಯಿಂದ ಪರೀಕ್ಷೆ ಮಾಡಿಸಿ, ಮ್ಯಾಮೊಗ್ರಾಂ ಬಗ್ಗೆ ಕೇಳಿ. ಗಂಟು, ಮೊಲೆತೊಟ್ಟು ಒಳಗೆ ಎಳೆದುಕೊಳ್ಳುವುದು, ರಕ್ತದಂಥ ನೀರು ಬರುವುದು, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಆಗುವುದು, ಕಂಕುಳಲ್ಲಿ ಗಂಟು, ಇವು ಯಾವುದು ಕಂಡರೂ ಅಪಾಯಿಂಟ್‌ಮೆಂಟಿನ ದಿನ ಕಾಯದೆ ಹೋಗಿ.

ಮ್ಯಾಮೊಗ್ರಾಂಗೆ ಮುಟ್ಟು ಮುಗಿದ ಮೊದಲ ವಾರ ಒಳ್ಳೆಯದು, ನೋವು ಕಡಿಮೆ. ಆ ದಿನ ಕಂಕುಳಿಗೆ, ಎದೆಗೆ ಪೌಡರ್, ಸ್ಪ್ರೇ ಹಾಕಬೇಡಿ, ಫಿಲ್ಮಿನಲ್ಲಿ ಚುಕ್ಕೆ ಹಾಗೆ ಕಾಣುತ್ತದೆ. ಸೀರೆ ಅಥವಾ ಎರಡು ಪೀಸಿನ ಚೂಡಿದಾರ್ ಹಾಕಿಕೊಂಡು ಹೋಗಿ, ಮೇಲಿನದ್ದು ಮಾತ್ರ ತೆಗೆದರೆ ಸಾಕಾಗುತ್ತದೆ. ರಿಪೋರ್ಟಿನ ಜೊತೆ ಫಿಲ್ಮ್ ಕೂಡ ಕೇಳಿ ತೆಗೆದುಕೊಳ್ಳಿ, ಮುಂದಿನ ಸಲ ಹೋಲಿಸಿ ನೋಡಲಿಕ್ಕೆ ಬೇಕು.